ಕಂಬಕ್ಕೆ ತೂಗಿದ ಕೆರ

ಸೆಪ್ಟೆಂಬರ್ ಮೊದಲ ದಿನಕ್ಕೆ ನಾಲ್ಕು ದಿನ ಮುಂಚೆ
ಬಯಲಿನ ಪಾಳೆಯ

ನನ್ನ ಹಾಲಕ್ಕ ತಸ್ಕೂರೆಗೆ, ತಬುರ ಕುಲದ ಕುದುರೆಪಡೆಯ ನಾಯಕ ಯಾಕ್ತನ್ ಮಾಡುವ ನಮಸ್ಕಾರ.

ನಾವು ಕ್ಷೇಮ. ಅವ್ವನ ಹಲ್ಲು ಇನ್ನೆರಡು ಬಿದ್ದಿವೆ, ನಾಲಿಗೆಗೆ ಏನೂ ಆಗಿಲ್ಲ. ನಿನ್ನೆ ಮಜ್ಜಿಗೆ ಕಡೆಯುತ್ತಾ, "ಆ ಬೆಟ್ಟದ ಹುಡುಗಿ ನನ್ನ ಹಾಲು ಕುಡ್ದೋಳು. ಹಟ ಎಲ್ಲಾ ಅವಳು ಕುಡ್ಕೊಂಡು ಹೋದ್ಳು, ನಿಂಗೆ ಬರೀ ಹೊಟ್ಟೆ ಉಳೀತು" ಎಂದು ಬಯ್ದಳು. ನನ್ನ ಹೊಟ್ಟೆ ಈಗ ರೋಮಿನ ಪಟ್ಟಿಯೊಳಗೆ ಸರಿಯಾಗಿ ಕೂತಿದೆ. ನೀನು ನೋಡಿದರೆ ಗುರುತು ಹಿಡಿಯಲಾರೆ.

ವಿಷಯಕ್ಕೆ ಬರುತ್ತೇನೆ. ರೋಮಿನ ಅಳತೆಯವರು ಬೆಟ್ಟದ ಬುಡದಲ್ಲಿ ನೆಟ್ಟ ಗಡಿಕಲ್ಲುಗಳನ್ನು ನಿಮ್ಮ ಜುಬಲ ಕುಲದವರು ಕಿತ್ತು ಹೊತ್ತುಕೊಂಡು ಹೋದರಂತೆ. ದಂಡನಾಯಕ ಫುಲ್ಕಿನಿಯೊ ಅನ್ನ ಮುಟ್ಟದೆ ಕೂತಿದ್ದಾನೆ. ಅಕ್ಕಾ, ಕಲ್ಲು ವಾಪಸ್ ನೆಡಿಸು. ನಿಮ್ಮ ಹಿರಿಯರ ಮುಂದೆ ನೀನು ಒಂದು ಮಾತು ಹೇಳಿದರೆ ಕೇಳುತ್ತಾರೆ. ರೋಮ್ ಎಂದರೆ ಒಂದು ದಂಡಲ್ಲ. ಒಂದನ್ನು ಸೋಲಿಸಿದರೆ ಅದರ ಅಣ್ಣ ಬರುತ್ತಾನೆ, ಅವನನ್ನು ಸೋಲಿಸಿದರೆ ಅವರಪ್ಪ ಬರುತ್ತಾನೆ. ನಾನು ಒಳಗೇ ಇದ್ದು ನೋಡಿದವನು.

ನೀರಿನ ಜಗಳದಲ್ಲಿ ನಮ್ಮೆರಡು ಕುಲದವರೂ ಗಂಡಸರನ್ನು ಹೂತು ಸುಸ್ತಾದ ಮೇಲೆ ತಾಯಂದಿರು ಕೂಸುಗಳನ್ನು ಅದಲುಬದಲು ಮಾಡಿ ಹಾಲೂಡಿಸಿದರು. ಹಾಗೆ ನೀನು ನನಗೆ ಅಕ್ಕನಾದೆ. ನಾವು ಗಂಡುಗಳು ಮೀಸೆ ಬಂದ ಮೇಲೆ ಎಡಗಾಲ ಕೆರಗಳನ್ನು ಎರಡು ಗುಡ್ಡೆ ಹಾಕಿ ಕಣ್ಣು ಮುಚ್ಚಿ ಜೋಡಿ ಎತ್ತಿದೆವು, ಜೋಡಿಯಾದವರು ಕೆರದಣ್ಣತಮ್ಮಂದಿರಾಗಿ ಒಬ್ಬರ ಕೆರವನ್ನು ಇನ್ನೊಬ್ಬರ ಕಂಬಕ್ಕೆ ತೂಗಿದೆವು. ನನ್ನ ಕೆರ ನಿನ್ನ ಗಂಡ ಝೆಲಲ್ಸನ ಕೆರದ ಜೊತೆ ಬಂತು. ಅವನು ತೀರಿಹೋದ. ನನ್ನ ಕೆರ ಇನ್ನೂ ನಿನ್ನ ಗುಡಾರದ ಕಂಬದಲ್ಲಿ ತೂಗುತ್ತಿದೆ. ಆ ಸಲಿಗೆಯಿಂದಲೇ ಇದನ್ನೆಲ್ಲ ಬರೆದೆ. ಉಪ್ಪಿನ ವ್ಯಾಪಾರಿ ಇದ್ದಿಬಾಲ್ ಓಲೆ ತರುತ್ತಾನೆ. ಭಯ ಬೇಡ, ನಮ್ಮ ಅಕ್ಷರ ಇವರ ಕಣ್ಣಿಗೆ ಕೋಳಿ ಕೆದರಿದ ಹಾಗೆ.

ಯಾಕ್ತನ್

*

ಎರಡನೇ ಬೆಳೆಯ ಅಂಜೂರ ಒಣಹಾಕಿದ ದಿನ
ಅಶರ್ ಬೆಟ್ಟ

ತಮ್ಮ ಯಾಕ್ತನ್‌ಗೆ ಅಕ್ಕನ ಆಶೀರ್ವಾದ. ಅವ್ವನ ಕಾಲಿಗೆ ನನ್ನ ಹಣೆ.

ಮೊದಲು ಒಂದು ಮಾತು ಹೇಳು. ಇನ್ನೂ ಬಾರದ ದಿನದಿಂದ ಹಿಂದಕ್ಕೆ ಎಣಿಸುವುದನ್ನು ನಿನಗೆ ಯಾರು ಕಲಿಸಿದರು? ನಾಳೆಯ ಲೆಕ್ಕ ಇಡುವ ಜನಕ್ಕೆ ಇವತ್ತಿನ ದಿನ ಕಾಣುವುದು ಯಾವಾಗ? ಓಲೆಯ ತಲೆ ಓದಿಯೇ ನಮ್ಮ ಗುಡಾರದವರು ನಕ್ಕು ನಕ್ಕು ಉರುಳಿದರು.

ಕಲ್ಲು ಕಿತ್ತದ್ದು ನಿಜ. ಬಹಳ ಒಳ್ಳೆಯ ಕಲ್ಲುಗಳು. ನಿನ್ನ ಒಡೆಯರ ಕೈಕೆಲಸವನ್ನು ಹೊಗಳಲೇಬೇಕು. ಅವುಗಳಿಂದ ಕುರಿದೊಡ್ಡಿ ಕಟ್ಟಿದೆವು. ಅಷ್ಟು ನೇರವಾದ ಗೋಡೆಯನ್ನು ನಮ್ಮ ಕುರಿಗಳು ಹುಟ್ಟಿದಂದಿನಿಂದ ಕಂಡಿರಲಿಲ್ಲ, ಒಳಗೆ ಹೋಗಲು ನಾಚಿಕೊಂಡವು.

ಆ ಕಲ್ಲಿನ ಸಾಲು ಎಲ್ಲಿತ್ತು ಎಂದು ನಿನಗೆ ಗೊತ್ತು. ಚಳಿಗೆ ಮಂದೆ ಇಳಿಯುವ ದಾರಿಗೆ ಅಡ್ಡ. ನಮ್ಮ ಕುರಿ ನಿಮ್ಮ ಬಯಲಿನ ಕೂಳೆ ಮೇಯಬೇಕು, ಗೊಬ್ಬರ ಬಿಡಬೇಕು, ನೀವು ಜವೆಗೋಧಿ ಅಳೆದು ಕೊಡಬೇಕು. ನಮ್ಮಜ್ಜಂದಿರ ಕಾಲದಿಂದ ಎರಡು ಕುಲವೂ ಬದುಕಿದ್ದು ಹೀಗೆ. ಅಳತೆಯವನು ಹಗ್ಗ ಹಿಡಿದು ನಿಂತು, "ಈ ಗೆರೆ ದಾಟೋ ಹಾಗಿಲ್ಲ" ಅಂದ. "ಅದನ್ನ ಕುರಿಗೆ ನೀನೇ ಹೇಳಪ್ಪ, ಅವು ನಮ್ಮ ಮಾತು ಕೇಳಲ್ಲ" ಅಂದೆ. ಅವನಿಗೆ ನಗುವೂ ಬರಲಿಲ್ಲ. ಹಿಮ ಬಿದ್ದ ಮೇಲೆ ಮಂದೆ ಬೆಟ್ಟದಲ್ಲೇ ಉಳಿದರೆ ಮಂದೆಯೂ ಇಲ್ಲ, ನಾವೂ ಇಲ್ಲ. ಇದು ಕಲ್ಲಿನ ಜಗಳವಲ್ಲ ತಮ್ಮ.

ಹಿರಿಯರ ಮುಂದೆ ಒಂದು ಮಾತು ಹೇಳು ಎಂದು ಬರೆದಿದ್ದೆ. ಹೇಳಿದೆ. ಕೇಳಿದವರು ಮುಂದಾಳಿನ ಕೋಲನ್ನು ನನ್ನ ಕೈಗೇ ಕೊಟ್ಟುಬಿಟ್ಟರು. ಮುದುಕ ಮಸಗ್ಗ ಎದ್ದು ನಿಂತು, "ಗಂಡಸರ ನಾಯಕತನ ನೋಡಿದ್ದಾಯ್ತು. ಇವಳ ಕೈಗೆ ಕೊಡಿ. ಬೇರೇನಿಲ್ಲ ಅಂದ್ರೂ ಚೆನ್ನಾಗಿ ಬಯ್ಯೋಕೆ ಬರುತ್ತೆ" ಅಂದ. ಆದ್ದರಿಂದ ಇನ್ನು ಮುಂದೆ ದಂಗೆಯ ವಿಷಯವಾಗಿ ಏನಾದರೂ ಹೇಳುವುದಿದ್ದರೆ ನೇರವಾಗಿ ನನಗೇ ಬರೆ.

ತಸ್ಕೂರೆ

*

ನವೆಂಬರ್ ನಡುದಿನಕ್ಕೆ ಒಂದು ದಿನ ಮುಂಚೆ
ಬಯಲಿನ ಪಾಳೆಯ

ಅಕ್ಕಾ,

ಕಮರಿಯಲ್ಲಿ ನೀವು ಏನು ಮಾಡಿದಿರಿ ಎಂಬುದು ಇಲ್ಲಿ ಗೊತ್ತಾಯಿತು. ಬೆಳಿಗ್ಗೆ ಕಹಳೆ ಊದಿಕೊಂಡು ಹತ್ತಿದ ಕಾಲಾಳುಗಳು ಸಂಜೆಗೆ ಬರಿಗೈಯಲ್ಲಿ ಇಳಿದರು. ಒಬ್ಬನ ತಲೆಯಲ್ಲಿ ಶಿರಸ್ತ್ರಾಣದ ಬದಲು ಜೇನುಹುಟ್ಟಿನ ಮೇಣ ಮೆತ್ತಿತ್ತು. ಜೇನನ್ನು ಮೇಲಿನಿಂದ ಉರುಳಿಸಿದ್ದು ನೀನೇ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಚಿಕ್ಕಂದಿನಲ್ಲಿ ನನ್ನ ಮೇಲೂ ಉರುಳಿಸಿದ್ದೆ.

ಬಯ್ಯಲು ಕೂತರೂ ನಗು ಬರುತ್ತದೆ, ಏನು ಮಾಡಲಿ. ಫುಲ್ಕಿನಿಯೊ ನಿಮ್ಮ ಮುಂದಾಳಿನ ಚಿತ್ರ ಬರೆಸಿ ಎಲ್ಲ ಠಾಣ್ಯಕ್ಕೂ ಕಳಿಸಿದ್ದಾನೆ. ಆನೆಯಂಥ ಆಳು, ಕೆಂಪು ಕಣ್ಣು, ಎದೆಯವರೆಗೆ ಗಡ್ಡ. ನನ್ನನ್ನು ಕರೆಸಿ, "ನಾಯಕ, ನೀನು ಈ ಕಡೆಯವನು. ಇವನನ್ನು ನೋಡಿದ್ದೀಯಾ?" ಎಂದ. "ಇಂಥ ಗಡ್ಡದವನನ್ನು ನಾನು ಎಲ್ಲೂ ನೋಡಿಲ್ಲ ಒಡೆಯಾ" ಎಂದೆ. ಅದರಲ್ಲಿ ಸುಳ್ಳೇನೂ ಇಲ್ಲ ತಾನೇ?

ಈಗ ಒಂದು ಬೇಡಿಕೆ. ಇದನ್ನು ನಗುತ್ತಾ ಓದಬೇಡ. ನನ್ನ ಪಡೆಯ ಒಬ್ಬೊಬ್ಬನ ಕೆರವೂ ನಿಮ್ಮ ಒಂದೊಂದು ಕಂಬದಲ್ಲಿದೆ. ಕೆರದ ಮೇಲೆ ಕೈಯಿಟ್ಟು ಕೇಳಿದ್ದನ್ನು ಇಲ್ಲ ಎನ್ನುವ ಹಾಗಿಲ್ಲ. ಕೆರದಣ್ಣನ ಮೇಲೆ ಕೈಯೆತ್ತಿದವನ ವಂಶಕ್ಕೆ ನೀರು ದಕ್ಕುವುದಿಲ್ಲ. ನೀನು ಕೇಳಿದರೆ ನಾವು ಬರಲೇಬೇಕು. ಬಂದರೆ ಇಲ್ಲಿ ನಮ್ಮ ಹೆಂಡಿರು ಮಕ್ಕಳು, ಅವ್ವ, ಗುಡಾರ ಎಲ್ಲವೂ ಫುಲ್ಕಿನಿಯೊ ಕೈಯಲ್ಲಿ. ದಂಡು ಬಿಟ್ಟು ಓಡಿದವರನ್ನು ಇವರು ಏನು ಮಾಡುತ್ತಾರೆ ಎಂದು ಬರೆಯುವುದಿಲ್ಲ. ಕೇಳಬೇಡ ಅಕ್ಕಾ. ಅಷ್ಟೇ.

ಯಾಕ್ತನ್

*

ಮೊದಲ ಹಿಮ ಬಿದ್ದ ಮಾರನೆಯ ದಿನ
ಅಶರ್ ಬೆಟ್ಟ

ತಮ್ಮಾ,

ಗಡ್ಡದ ಸಂಗತಿ ಕೇಳಿ ನಮ್ಮ ಹೆಂಗಸರು ಆಡಿನ ಕೂದಲು ಅಂಟಿಸಿ ನನಗೊಂದು ಗಡ್ಡ ಮಾಡಿಕೊಟ್ಟಿದ್ದಾರೆ. ಚಳಿಗೆ ಬೆಚ್ಚಗಿರುತ್ತದೆ. ಮಸಗ್ಗ ಅದನ್ನು ನೋಡಿ, "ಈಗ ನಮ್ಮಪ್ಪನ ಥರಾನೇ ಕಾಣ್ತೀಯ ಕಣವ್ವ, ಬಯ್ಯಬೇಡ, ಭಯ ಆಗುತ್ತೆ" ಅಂದ.

ನಾವು ಗಟ್ಟಿಯಾಗಿದ್ದೇವೆ. ಸುತ್ತಲಿನ ಮೂರು ಬೆಟ್ಟದ ಕುಲಗಳು ಮಕ್ಕಳು ಮರಿ ಸಮೇತ ನಮ್ಮ ಹತ್ತಿರ ಬಂದು ಸೇರಿವೆ. ಅವರಿಗೆಲ್ಲ ಕಮರಿಯ ಸುದ್ದಿ ಸಾಕಾಯಿತು. ರೋಮ್ ಬೆಟ್ಟ ಅಗೆದು ಇಲಿ ಹಿಡಿಯಲು ಹೊರಟಿದೆ, ಇಲಿಗೆ ನೂರು ಬಿಲ.

ನಿನ್ನ ಬೇಡಿಕೆಗೆ ಉತ್ತರ: ನಿಮ್ಮನ್ನು ಬನ್ನಿ ಎಂದು ಕೇಳುವುದಿಲ್ಲ. ನಾನೂ ಕೇಳುವುದಿಲ್ಲ, ನಮ್ಮಲ್ಲಿ ಯಾರೂ ಕೇಳದಂತೆ ಕೋಲು ನೆಲಕ್ಕೆ ಕುಟ್ಟಿ ಹೇಳಿದ್ದೇನೆ. ನಿಮ್ಮ ಕೆರಗಳು ಕಂಬದಲ್ಲೇ ಇರುತ್ತವೆ. ಅದಕ್ಕೂ ಮೀರಿ, ಕೇಳುವ ಗತಿ ನಮಗೆ ಬರುವುದೂ ಇಲ್ಲ. ಬೆಟ್ಟದವರು ಬೇಡಿ ಗೆದ್ದದ್ದು ಯಾವ ಕಾಲದಲ್ಲಿ?

ತಸ್ಕೂರೆ

*

ಡಿಸೆಂಬರ್ ನಡುದಿನಕ್ಕೆ ಐದು ದಿನ ಮುಂಚೆ
ಕೆಳಕಣಿವೆಯ ಕಾವಲು

ಅಕ್ಕಾ,

ಸಿಹಿಸುದ್ದಿ. ಇಷ್ಟು ದಿನ ನನ್ನ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿಯಿತು. ಫುಲ್ಕಿನಿಯೊ ನಮ್ಮನ್ನು ಬೆಟ್ಟ ಹತ್ತಿಸಬೇಕೆಂದಿದ್ದ. ನಾನು ಅವನ ಗುಡಾರಕ್ಕೆ ಹೋಗಿ, "ಒಡೆಯಾ, ಚಳಿಯಲ್ಲಿ ಕುದುರೆ ಹತ್ತುವುದಿಲ್ಲ. ಬೆಟ್ಟಕ್ಕೆ ಮೂರೇ ಬಾಯಿ. ಮೂರಕ್ಕೂ ನಮ್ಮವರನ್ನು ಕಾವಲಿಗೆ ಹಾಕಿ, ಒಂದು ಹಿಡಿ ಕಾಳು ಮೇಲೆ ಹೋಗದ ಹಾಗೆ ನೋಡಿಕೊಳ್ಳುತ್ತೇವೆ" ಎಂದೆ. ಒಪ್ಪಿಕೊಂಡ. ಅಷ್ಟೇ ಅಲ್ಲ, "ಚಳಿ ಕಳೆಯಲಿ, ನಿನಗೆ ರೋಮಿನ ಪ್ರಜೆಯ ಪದವಿ ಬರೆಸುತ್ತೇನೆ" ಎಂದು ಬೆನ್ನು ತಟ್ಟಿದ.

ಜಾಣತನ ಹೇಗಿದೆ? ನಮ್ಮವರು ಬೆಂಕಿ ಕಾಯಿಸಿಕೊಳ್ಳುತ್ತಾ ಕೂತಿದ್ದಾರೆ, ನಿಮ್ಮವರು ಮೇಲೆ ಕೂತಿದ್ದಾರೆ. ಎರಡು ಕಡೆಯೂ ಒಂದು ಹನಿ ರಕ್ತ ಬೀಳುವುದಿಲ್ಲ, ಯಾರ ವಂಶಕ್ಕೂ ಶಾಪ ತಟ್ಟುವುದಿಲ್ಲ. ನಿಮ್ಮ ಬಂಡೆಯ ಕಣಜದಲ್ಲಿ ಎರಡು ವರ್ಷಕ್ಕಾಗುವಷ್ಟು ಜವೆಗೋಧಿ ಯಾವಾಗಲೂ ಇರುತ್ತದೆಂದು ನನಗೆ ಗೊತ್ತಿಲ್ಲವೇ? ಆರಾಮವಾಗಿ ತಿಂದುಕೊಂಡಿರಿ. ದಂಡಿಗೆ ಬೇಸರ ಬಂದು ತಾನಾಗಿ ಮಾತುಕತೆಗೆ ಇಳಿಯುತ್ತದೆ. ಇದ್ದಿಬಾಲನ ಉಪ್ಪನ್ನು ಮಾತ್ರ ಬಿಡಿ ಎಂದು ನಮ್ಮವರಿಗೆ ಹೇಳಿದ್ದೇನೆ, ಓಲೆ ನಿಲ್ಲಬಾರದಲ್ಲ.

ಅಕ್ಕನಿಂದ ಒಂದು ಶಹಭಾಸ್ ಬರುತ್ತದೆಂದು ಕಾಯುತ್ತಿರುವ,
ಯಾಕ್ತನ್

*

ಮೊದಲ ಮರಿ ಹುಟ್ಟಬೇಕಾಗಿದ್ದ ದಿನ
ಅಶರ್ ಬೆಟ್ಟ

ತಮ್ಮಾ,

ಶಹಭಾಸ್.

ಕಣಜದ ಚಿಂತೆ ನಿನಗೆ ಬೇಡ. ಜವೆಗೋಧಿ ಎಷ್ಟಿದೆಯೆಂದರೆ ನಾಯಿಗಳು ಮೂಸಿ ನೋಡಿ ಮುಖ ತಿರುಗಿಸುತ್ತವೆ. ಮಸಗ್ಗ ದಪ್ಪಗಾಗಿದ್ದಾನೆ, ಗುಡಾರದ ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬರಬೇಕು.

ಅವ್ವನನ್ನು ಒಂದು ಮಾತು ಕೇಳಿ ಬರೆ. ಬಂಡೆಯ ಸಂದಿಯಲ್ಲಿ ಬೆಳೆಯುವ ಕಹಿಗೆಡ್ಡೆ ಇದೆಯಲ್ಲ, ಅದರ ವಿಷ ಹೋಗಬೇಕಾದರೆ ಎಷ್ಟು ನೀರಲ್ಲಿ ಬೇಯಿಸಬೇಕು? ಬಸಿದ ಮೇಲೆ ಬೂದಿ ಹಾಕಬೇಕೋ, ಮೊದಲೇ ಹಾಕಬೇಕೋ? ಇಲ್ಲಿ ಯಾರದೋ ಮದುವೆ, ಹಳೆಯ ಅಡುಗೆ ಮಾಡಬೇಕೆಂದು ಹೆಂಗಸರಿಗೆ ಚಪಲ. ಸಣ್ಣ ಮಕ್ಕಳಿಗೂ ಅದನ್ನು ಕೊಡಬಹುದೇ ಎಂದು ಕೇಳು.

ನಿನ್ನ ಕಾವಲಿನ ಬೆಂಕಿ ಇಲ್ಲಿಂದ ಕಾಣುತ್ತದೆ. ಬೆಚ್ಚಗಿರು.

ತಸ್ಕೂರೆ

*

ಫೆಬ್ರವರಿ ಮೊದಲ ದಿನಕ್ಕೆ ಮೂರು ದಿನ ಮುಂಚೆ
ಕೆಳಕಣಿವೆಯ ಕಾವಲು

ಅಕ್ಕಾ,

ಮದುವೆ ಯಾರದು ಎಂದೇ ಬರೆಯಲಿಲ್ಲ. ನಮಗೆ ಕರೆಯೋಲೆ ಇಲ್ಲದಿದ್ದರೂ ಹೆಸರಾದರೂ ಬೇಡವೇ?

ಗೆಡ್ಡೆಯ ಸಂಗತಿ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ವಯಸ್ಸಾಯಿತು ಅಕ್ಕಾ. ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟಳು. "ಮೂರು ನೀರು ಬಸೀಬೇಕು. ಬೂದಿ ಮೊದ್ಲೇ. ಕೂಸುಗಳಿಗೆ ಬೇಡ ಅಂತ ಬರಿ" ಎಂದಳು. ಆಮೇಲೆ ಆ ರೊಟ್ಟಿ ಮುಟ್ಟಲಿಲ್ಲ. ಇದ್ದಿಬಾಲನ ಕೈಯಲ್ಲಿ ಒಂದು ಚೀಲ ಅಂಜೂರ ಕಳಿಸು ಎಂದು ಗೋಗರೆದಳು. "ಅಂಜೂರ ಬೆಳೆಯೋ ಬೆಟ್ಟಕ್ಕೆ ಅಂಜೂರ ಕಳಿಸ್ತೀಯೇನವ್ವ, ನಗ್ತಾರೆ" ಎಂದೆ. "ನೀನು ನಿಮ್ಮಪ್ಪನ ಮಗ ಕಣೋ, ಕಣ್ಣಿದ್ದೂ ಕುರುಡ" ಎಂದು ಮುಸುಕು ಹಾಕಿಕೊಂಡು ಮಲಗಿದಳು. ಅದು ಯಾಕೆಂದು ಈವರೆಗೂ ಗೊತ್ತಾಗಿಲ್ಲ. ಮುದುಕರ ಸಿಟ್ಟಿಗೆ ಕಾರಣ ಬೇಕೇ?

ಇಲ್ಲಿ ಇನ್ನೊಂದು ಸಂಗತಿ ಇತ್ತು. ಮುಂದಿನ ಓಲೆಯಲ್ಲಿ ಬರೆಯುತ್ತೇನೆ. ನೀವು ಬಿಳಿ ಬಟ್ಟೆ ತೋರಿಸಿ ಮಾತುಕತೆಗೆ ಇಳಿಯುವ ಯೋಚನೆ ಇದ್ದರೆ ಹಿಮ ಕರಗುವ ಮುಂಚೆಯೇ ಮಾಡಿದರೆ ಒಳ್ಳೆಯದು.

ಯಾಕ್ತನ್

*

ಬಾದಾಮಿ ಮೊಗ್ಗು ಒಡೆದ ದಿನ
ಅಶರ್ ಬೆಟ್ಟ

ಯಾಕ್ತನ್‌ಗೆ.

ಹಿಮ ಕರಗಿದ ಕೂಡಲೇ ನಿನ್ನ ಕುದುರೆಗಳು ಮುಂದೆ, ರೋಮಿನ ಕಾಲಾಳು ಹಿಂದೆ ಎಂದು ತೀರ್ಮಾನವಾಗಿದೆ. ಬೇರೆಯವರಿಂದ ಗೊತ್ತಾಯಿತು. ನೀನು ಬರೆಯಲಿಲ್ಲ. ಇರಲಿ.

ಇದ್ದಿಬಾಲನ ಹೇಸರಗತ್ತೆಯ ಮೇಲೆ ನಿಮ್ಮ ಕೆರಗಳಿವೆ. ಒಂದೂ ಉಳಿಸಿಕೊಂಡಿಲ್ಲ. ವಾರು ಕೊಯ್ದಿದ್ದೇವೆ. ಇಂದಿನಿಂದ ನೀವು ನಮಗೆ ಯಾರೂ ಅಲ್ಲ, ನಾವು ನಿಮಗೆ ಯಾರೂ ಅಲ್ಲ. ಬರುವುದಾದರೆ ಬನ್ನಿ. ನಾವು ಇಲ್ಲೇ ಇರುತ್ತೇವೆ.

ಅವ್ವನಿಗೆ ತೋರಿಸಬೇಡ.

ತಸ್ಕೂರೆ, ಜುಬಲರ ಮುಂದಾಳು

*

ಮಾರ್ಚ್ ಮೊದಲ ದಿನಕ್ಕೆ ಆರು ದಿನ ಮುಂಚೆ
ಕೆಳಕಣಿವೆಯ ಕಾವಲು

ಜುಬಲರ ಮುಂದಾಳಿಗೆ.

ಕೆರ ಬಂದವು. ನಮ್ಮ ಮುಖಕ್ಕೇ ಬಂದು ಬಿದ್ದವು.

ಮೂಟೆ ಬಿಚ್ಚಿದಾಗ ನನ್ನ ಪಡೆಯವರು ಸುತ್ತ ನಿಂತಿದ್ದರು. ಮೀಸೆ ನರೆತ ಸವಾರನೊಬ್ಬ ತನ್ನ ಕೆರವನ್ನು ಹುಡುಕಿ ತೆಗೆದು, ಅದನ್ನು ಮಡಿಲಲ್ಲಿಟ್ಟುಕೊಂಡು ಗಟ್ಟಿಯಾಗಿ ಅತ್ತ. ಹೆಂಡತಿ ಸತ್ತಾಗಲೂ ಅವನು ಹಾಗೆ ಅತ್ತವನಲ್ಲ.

ನಿನಗಾಗಿ ನಾನೇನು ಕಡಿಮೆ ಮಾಡಿದೆ? ಗಡ್ಡದ ಚಿತ್ರದ ಮುಂದೆ ಬಾಯಿ ಮುಚ್ಚಿಕೊಂಡು ನಿಂತೆ. ರಕ್ತ ಬೀಳಬಾರದೆಂದು ಇಡೀ ಚಳಿಗಾಲ ಕಣಿವೆಯಲ್ಲಿ ಮೂಳೆ ಕೊರೆಸಿಕೊಂಡೆ. ನೀವು ಮೇಲೆ ಹೊಟ್ಟೆ ತುಂಬ ಉಂಡು, ಮದುವೆ ಮಾಡಿಕೊಂಡು, ಕೊನೆಗೆ ಕೊಟ್ಟ ಉಡುಗೊರೆ ಇದು. ಮಂದೆಯ ದಾರಿಗಾಗಿ ರೋಮಿನ ಜೊತೆ ಜಗಳ ಆಡಿದವಳು ನಮ್ಮ ಅಜ್ಜಂದಿರ ದಾರಿಯನ್ನು ಒಂದು ಚೂರಿಯಲ್ಲಿ ಕೊಯ್ದೆ.

ಬನ್ನಿ ಎಂದೆಯಲ್ಲ. ಬರುತ್ತೇವೆ. ಈಗ ತಡೆಯುವುದು ಏನೂ ಉಳಿದಿಲ್ಲ.

ಯಾಕ್ತನ್

*

ಬಾದಾಮಿ ಹೂ ಪೂರ್ತಿ ಬಿರಿದ ದಿನ
ಅವ್ವನ ಗುಡಾರ

ಅಕ್ಕಾ,

ಹಿಂದಿನ ಓಲೆಯೂ ಇದರ ಜೊತೆಗೇ ಬರುತ್ತಿದೆ. ಹರಿದುಹಾಕಲು ಹೋದೆ, ಅವ್ವ ಬಿಡಲಿಲ್ಲ. "ಎರಡೂ ಕಳ್ಸು. ಮೊದ್ಲು ಅದನ್ನ ಓದಿ ನಿನ್ನ ಬಯ್ಯಲಿ. ಬಯ್ಸಿಕೊಳ್ಳೋ ಯೋಗ್ಯತೆ ನಿಂಗೈತೆ" ಎಂದಳು. ಬಯ್ಯಿ ಅಕ್ಕಾ. ತಲೆ ಬಗ್ಗಿಸಿ ಕೂತಿದ್ದೇನೆ.

ನಡೆದದ್ದು ಇದು. ಅವ್ವನ ಗುಡಾರದ ಮುಂದೆ ಆ ಓಲೆ ಇದ್ದಿಬಾಲನ ಕೈಗೆ ಕೊಟ್ಟರೆ ಅವನು ತೆಗೆದುಕೊಳ್ಳಲಿಲ್ಲ. "ನಿಮ್ಮ ಸಿಟ್ಟು ಹೊರೋ ಶಕ್ತಿ ನನ್ನ ಕತ್ತೆಗಿಲ್ಲ ನಾಯಕರೇ" ಅಂದ. ಅವನ ಕೊರಳಪಟ್ಟಿ ಹಿಡಿದುಕೊಂಡೆ. ಗಲಾಟೆ ಕೇಳಿ ಅವ್ವ ಹೊರಗೆ ಬಂದಳು. ಮೂಟೆ ನೋಡಿದಳು. ನಾನು ಅಡ್ಡ ನಿಂತರೂ ಕೋಲಿನಿಂದ ತಳ್ಳಿ ನೆಲದ ಮೇಲೆ ಕೂತು ಒಂದೊಂದೇ ಕೆರ ಎತ್ತಿ ಮೂಸಿದಳು, ಒಳಗೆ ಬೆರಳಾಡಿಸಿದಳು.

"ಇದೇನೋ ಇದು? ವಾರೆಲ್ಲಾ ಒಳಗೇ ಐತೆ."

"ಕೊಯ್ದು ಕಳಿಸಿದಾಳೆ ಅವ್ವ. ನಮ್ಮ ಸಂಬಂಧ ಕಡಕೊಂಡ್ಲು."

"ಸಂಬಂಧ ಕಡಕೊಳ್ಳೋರು ವಾರನ್ನ ಬೆಂಕಿಗೆ ಹಾಕ್ತಾರೆ. ನಮ್ಮತ್ತೆ ಕಾಲ್ದಲ್ಲಿ ನೋಡಿವ್ನಿ. ಇದು ಮಡಚಿ ಅದರದರ ಕೆರದೊಳಗೇ ಇಟ್ಟೈತೆ. ಎಣ್ಣೆ ಸವರೈತೆ. ಎಷ್ಟು ಮೆತ್ತಗೈತೆ ನೋಡು." ಅವಳು ಇದ್ದಿಬಾಲನ ಕಡೆ ತಿರುಗಿದಳು. "ಸಾಹುಕಾರ, ಮೇಲೆ ಏನು ತಿಂತಾವ್ರೆ? ಉಪ್ಪು ಮಾರೋ ಬಾಯಲ್ಲಿ ಸುಳ್ಳು ಹೇಳ್ಬೇಡ."

ಅವನು ಅವ್ವನ ಎದುರು ನೆಲದ ಮೇಲೆ ಕೂತ. ನೀನು ಉಪ್ಪು ಮುಟ್ಟಿಸಿ ಆಣೆ ಹಾಕಿಸಿದ್ದೆಯಂತೆ, ಆದರೂ ಅವ್ವನ ಮುಂದೆ ಅದು ನಿಲ್ಲಲಿಲ್ಲ. "ಕಣಜದಲ್ಲಿ ಇಲೀನೂ ಇಲ್ಲ ತಾಯಿ. ಇಲಿ ತಿಂದು ಒಂದು ತಿಂಗಳಾಯ್ತು. ಮೂರು ಕುಲದ ಮಕ್ಕಳು ಬಂದು ಸೇರಿದ್ವಲ್ಲ, ಯಜಮಾನಿ ಕಣಜ ಅವರಿಗೆ ತೆಗೆದುಬಿಟ್ಟರು. ಈಗ ಗುರಾಣಿ ಚರ್ಮ ಬೇಯಿಸಿ ಕುಡೀತಾ ಇದಾರೆ. ಜೀನು ಆಯ್ತು, ಗುಡಾರದ ಪಟ್ಟಿ ಆಯ್ತು, ಮಸಗ್ಗಜ್ಜನ ಸೊಂಟಪಟ್ಟಿಯೂ ಆಯ್ತು. ಚರ್ಮ ಅನ್ನೋದು ಮೇಲೆ ಉಳಿದಿದ್ದು ಈ ಮೂಟೆ ಮಾತ್ರ. ಕಂಬದಲ್ಲಿ ಸಾಲಾಗಿ ತೂಗ್ತಾ ಇದ್ವು. ಒಬ್ಬರೂ ಹಲ್ಲು ಹಾಕಲಿಲ್ಲ."

ನಾನು ಬಯಲಿನ ಕಡೆ ಮುಖ ಮಾಡಿ ನಿಂತೆ. ಅವ್ವನ ಮುಖ ನೋಡುವ ಧೈರ್ಯ ನನಗಿರಲಿಲ್ಲ.

"ಹಸಿದೋರು ನಿಮ್ಮ ಕೆರ ತಿನ್ನಲಿಲ್ಲ ಕಣೋ" ಎಂದಳು ಅವ್ವ. "ನೀವು ಹೊಟ್ಟೆ ತುಂಬಿದೋರು ಅವರ ಬಾಯಿಗೆ ಕಾವಲು ಕೂತ್ರಿ. ನೀವು ಮುಂದಾಗಿ ಹೋಗೋದು ತಿಳೀತು ಅವಳಿಗೆ. ಕೈಯೆತ್ತಿದ್ರೆ ಶಾಪ ನಿಮಗೆ ತಟ್ಟುತ್ತೆ ಅಂತ ವಾರು ಕೊಯ್ದು ನಿಮ್ಮನ್ನ ಬಿಡಿಸವ್ಳೆ. ಸಾಯೋಕೆ ಮುಂಚೆ ನಿನ್ನ ವಂಶ ಕಾಯ್ತಾವ್ಳೆ, ದಡ್ಡ."

ಅಕ್ಕಾ, ನಾನು ಜಾಣನೆಂದು ಹೆಮ್ಮೆಯಿಂದ ಬರೆದಿದ್ದೆನಲ್ಲ, ಆ ಕಾವಲೇ ನಿನ್ನ ಕುತ್ತಿಗೆಯ ಹಗ್ಗ. ಮೂರು ಬಾಯಿಗೂ ಕಾವಲು ಹಾಕಿ ಎಂದು ಹೇಳಿದ್ದು ನಾನೇ. ನೀನು ಅದಕ್ಕೆ ಶಹಭಾಸ್ ಎಂದು ಬರೆದೆ. ಕೆರದ ಮೇಲೆ ಕೈಯಿಟ್ಟು ಒಂದೇ ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ನಾನು ಕೇಳಬೇಡ ಎಂದಿದ್ದೆ, ಅದಕ್ಕೇ ನೀನು ಕೇಳಲಿಲ್ಲ.

ಅಳುವುದು ಅಲ್ಲಿಗೆ ಮುಗಿಯಿತು. ಈಗ ಕೆಲಸದ ಮಾತು.

ನನ್ನ ಪಡೆಯವರೆಲ್ಲ ನಿನ್ನೆ ಹಗಲಿಡೀ ಬಿಸಿಲಲ್ಲಿ ಸಾಲಾಗಿ ಕೂತು ವಾರು ಹೊಲಿದರು. ಫುಲ್ಕಿನಿಯೊ ಕುದುರೆಯ ಮೇಲೆ ಬಂದವನು ನಿಂತು ನೋಡಿದ. "ಏನು ಮಾಡುತ್ತಿದ್ದೀರಿ?" ಎಂದ. "ಬೆಟ್ಟ ಹತ್ತಲು ತಯಾರಿ ಒಡೆಯಾ. ಬೂಟು ಜಾರುತ್ತದೆ" ಎಂದೆ. "ಒಳ್ಳೆಯದು, ಒಳ್ಳೆಯದು" ಎಂದು ತಲೆಯಾಡಿಸಿ ಹೋದ. ಅದರಲ್ಲೂ ಸುಳ್ಳೇನೂ ಇಲ್ಲ. ಬಲಗಾಲಿನ ಕೆರಗಳನ್ನು ನಮ್ಮ ತಾಯಂದಿರು ಉಣ್ಣೆಯ ಗಂಟಿನಲ್ಲಿ ಇಷ್ಟು ವರ್ಷ ಜೋಪಾನ ಮಾಡಿದ್ದರು. ಮೀಸೆ ಬಂದ ಕಾಲದ ಕೆರ, ಈಗಿನ ಹಿಮ್ಮಡಿ ಹೊರಗೇ ಉಳಿಯುತ್ತದೆ. ಎಲ್ಲರೂ ಬಾತುಕೋಳಿಗಳ ಹಾಗೆ ನಡೆಯುತ್ತಿದ್ದೇವೆ. ಯಾರೂ ಬಿಚ್ಚುತ್ತಿಲ್ಲ.

ದಂಡಿನ ಜವೆಗೋಧಿ ಹೊತ್ತ ಹೇಸರಗತ್ತೆಗಳ ಸಾಲು ನಾಳೆ ಕೆಳಕಣಿವೆಗೆ ಬರುತ್ತದೆ. ಅದಕ್ಕೆ ಕಾವಲು ನಾವೇ. ಅದು ಕಣಿವೆಯಲ್ಲಿ ನಿಲ್ಲುವುದಿಲ್ಲ, ನೇರವಾಗಿ ನಿನ್ನ ಬಾಗಿಲಿಗೆ ಬರುತ್ತದೆ. ಮನೆಮಂದಿಯ ಚಿಂತೆ ಮಾಡಬೇಡ. ನಮ್ಮದು ಕಲ್ಲಿನ ಊರಲ್ಲ. ಗುಡಾರ ಇಳಿಸಿ ಮಡಚಲು ಒಂದು ಬೆಳಗು ಸಾಕು. ತಬುರರ ಮಂದೆ, ಮಕ್ಕಳು, ಕೋಳಿ, ಕುಂಟನಾಯಿ ಎಲ್ಲವೂ ಹಳೆಯ ದಾರಿಯಲ್ಲೇ ಮೇಲೆ ಬರುತ್ತವೆ. ಈ ಸಲ ಕುರಿ ಇಳಿಯುವ ಬದಲು ಹತ್ತುತ್ತದೆ, ಅಷ್ಟೇ ವ್ಯತ್ಯಾಸ. ಫುಲ್ಕಿನಿಯೊ ಎದ್ದು ನೋಡುವಾಗ ಅವನಿಗೆ ಬರೀ ಬಯಲು ಉಳಿದಿರುತ್ತದೆ. ಅದನ್ನು ಎಷ್ಟು ಬೇಕಾದರೂ ಅಳೆದುಕೊಳ್ಳಲಿ. ಇಲ್ಲಿನ ಮೂರು ಬಾಯಿ, ಅಲ್ಲಿನ ಕಮರಿ, ಎರಡು ಕುಲದ ಕುದುರೆ, ನಿನ್ನ ಜೇನುಹುಟ್ಟು. ರೋಮಿನ ಅಣ್ಣನೂ ಬರಲಿ, ಅವರಪ್ಪನೂ ಬರಲಿ.

ನನ್ನ ಕೆರವನ್ನು ಇದರ ಜೊತೆ ವಾಪಸ್ ಕಳಿಸಿದ್ದೇನೆ. ವಾರು ನಾನೇ ಹೊಲಿದೆ, ಹೊಲಿಗೆ ಸೊಟ್ಟಗಿದೆ, ನಗಬೇಡ. ಹಾಗಾಗಿ ಎಡಗಾಲು ಬರಿಗಾಲು. ಅದನ್ನು ಕಂಬಕ್ಕೆ ತೂಗುಹಾಕು. ತೂಗುಹಾಕಿದ ಮೇಲೆ ಕೈಯಿಟ್ಟು ಕೇಳು. ಏನು ಬೇಕಾದರೂ ಕೇಳು.

ನಿನ್ನ ತಮ್ಮ
ಯಾಕ್ತನ್

*

ತಬುರರ ಮಂದೆಯ ದೂಳು ಕಂಡ ದಿನ
ಅಶರ್ ಬೆಟ್ಟ

ತಮ್ಮಾ,

ಮೊದಲ ಓಲೆ ಓದಿ ಬಯ್ದೆ. ಎರಡನೆಯದನ್ನು ಮಸಗ್ಗನಿಗೂ ಓದಿ ಹೇಳಿದೆ. ಅವನು ಈಗ ಬಾಗಿಲಲ್ಲಿ ಅಡ್ಡ ತಿರುಗಬೇಕಿಲ್ಲ, ಗಾಳಿಯ ಹಾಗೆ ಒಳಗೆ ಬರುತ್ತಾನೆ. ಹೊಲಿಗೆ ನೋಡಿ, "ಕುದುರೆ ಕಾಲಲ್ಲಿ ಹೊಲಿದ್ರೂ ಇದಕ್ಕಿಂತ ನೆಟ್ಟಗಿರ್ತಿತ್ತು" ಅಂದ. ಅಂದು ಅತ್ತ.

ಕೆರ ಕಂಬದಲ್ಲಿದೆ. ಅದರ ಮೇಲೆ ಕೈಯಿಟ್ಟುಕೊಂಡೇ ಬರೆಯುತ್ತಿದ್ದೇನೆ. ಹುಟ್ಟಿದಂದಿನಿಂದ ಯಾರನ್ನೂ ಕೇಳಿದವಳಲ್ಲ, ಇವತ್ತು ಕೇಳುತ್ತೇನೆ. ಅವ್ವನನ್ನು ಎಲ್ಲರಿಗಿಂತ ಮುಂದಿನ ಕುದುರೆಯ ಮೇಲೆ ಕೂರಿಸಿಕೊಂಡು ಬಾ. ಬಂದವಳು ಮೊದಲು ಮಕ್ಕಳಿಗೆ ಗಂಜಿ ಕಾಯಿಸಲಿ. ಆಮೇಲೆ ನನಗೆ.

ಬೇಗ ಬಾ ತಮ್ಮ. ಹಸಿವಾಗಿದೆ.

ತಸ್ಕೂರೆ